ಹೊರದೇಶದ ಪೊಲೀಸ್, ಕೋರ್ಟು, ಜೈಲಿಗೆ ನೆರವು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಕಾರ್ಯಕ್ರಮ ಮುಗಿದು ಕಾಫಿಗೆ ನಿಂತಾಗ, ಡೊಂಬಿವಲಿಯ ಮದುವೆ ಮನೆಗಳಲ್ಲಿ, ಪುಣೆ ಮತ್ತು ಮಡಗಾಂವ್‌ನಿಂದ ಬರುವ ಪತ್ರಗಳಲ್ಲಿ ಇವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಸರ್ಕಾರದ ವಿದೇಶಾಂಗ ಕೆಲಸದಲ್ಲಿದ್ದಾಗ ನಾನು ಹೆಚ್ಚು ಕಾಲ ನೋಡಿಕೊಂಡದ್ದು ಒಂದು ದೇಶ ಇನ್ನೊಂದು ದೇಶದ ಪೊಲೀಸ್, ಪ್ರಾಸಿಕ್ಯೂಷನ್, ಕೋರ್ಟು, ಜೈಲಿಗೆ ಕೊಡುವ ನೆರವನ್ನು. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಅರ್ಥವಾಗುವಂತೆ ಬರೆದಿದ್ದೇನೆ.

## ಮೊದಲ ಪರಿಚಯ

ಸರ್, ನಿಮ್ಮದು ಪೊಲೀಸ್ ಕೆಲಸಾನಾ, ರಾಯಭಾರ ಕಚೇರಿ ಕೆಲಸಾನಾ? ಎಷ್ಟು ಸಲ ಕೇಳಿದ್ರೂ ತಿಳೀಲಿಲ್ಲ.

ಎರಡರ ನಡುವಿನ ಕೆಲಸ. ಒಂದು ದೇಶದಲ್ಲಿ ಫೊರೆನ್ಸಿಕ್ ಲ್ಯಾಬ್ ಇಲ್ಲ ಎಂದಿಟ್ಟುಕೊಳ್ಳಿ. ಅಲ್ಲಿನ ಸರ್ಕಾರಿ ವಕೀಲರು ಸೈಬರ್ ಕೇಸು ನಡೆಸಿಲ್ಲ. ಜೈಲಿನಲ್ಲಿ ಯಾರು, ಯಾವ ಕೇಸಿನಲ್ಲಿ, ಎಷ್ಟು ದಿನದಿಂದ ಇದ್ದಾರೆ ಎಂಬ ಸರಿಯಾದ ದಾಖಲೆ ಇಲ್ಲ. ಆ ದೇಶ ನೆರವು ಕೇಳುತ್ತದೆ, ಇನ್ನೊಂದು ದೇಶ ಒಪ್ಪುತ್ತದೆ. ಕಲಿಸುವವರು ಪೊಲೀಸರು, ನ್ಯಾಯಾಧೀಶರು, ಲ್ಯಾಬಿನ ತಜ್ಞರು. ಒಪ್ಪಂದ ಬರೆಸುವುದು, ದುಡ್ಡು ಬಿಡುಗಡೆ ಮಾಡಿಸುವುದು, ಯಾರಿಗೆ ಕಲಿಸಬಾರದು ಎಂದು ನೋಡುವುದು, ಕೊಟ್ಟದ್ದು ಏನಾಯಿತು ಎಂದು ವರ್ಷಗಟ್ಟಲೆ ಬೆನ್ನು ಹತ್ತಿ ಕೇಳುವುದು ವಿದೇಶಾಂಗದವರ ಪಾಲು.

ಈ ಕೊನೆಯದೇ ಹುದ್ದೆಯ ಜೀವ ಎಂದು ನಾನು ನಂಬಿದ್ದೇನೆ. ತರಬೇತಿ ಏರ್ಪಡಿಸುವುದು ಸುಲಭ. ಆಮೇಲೆ ಅಲ್ಲಿನ ಠಾಣೆಗೆ ಹೋಗಿ, ದೂರು ಕೊಡಲು ಬಂದ ಹೆಂಗಸಿಗೆ ಏನಾದರೂ ವ್ಯತ್ಯಾಸ ಕಂಡಿದೆಯಾ ಎಂದು ವಿಚಾರಿಸುವುದು ಕಷ್ಟ. ನಾವು ಯಾರನ್ನೂ ಬಂಧಿಸುವುದಿಲ್ಲ, ಯಾವ ಕೇಸನ್ನೂ ತನಿಖೆ ಮಾಡುವುದಿಲ್ಲ.

ಅಬು ಸಲೇಂನ ತಂದ್ರು, ತಹವ್ವುರ್ ರಾಣಾನ ತಂದ್ರು. ಅದೆಲ್ಲ ಇದೇ ಅಲ್ವಾ?

ಅಲ್ಲ. ಮುಂಬೈಯವರಿಗೆ ಇದು ಮೊದಲು ನೆನಪಾಗುವುದು ಸಹಜ. 1993ರ ಮುಂಬೈ ಸ್ಫೋಟದ ಆರೋಪಿ ಸಲೇಂ 2005ರ ನವೆಂಬರ್‌ನಲ್ಲಿ ಪೋರ್ಚುಗಲ್‌ನಿಂದ ಬಂದ. 26/11 ದಾಳಿಯ ಆರೋಪಿ ರಾಣಾನನ್ನು 2025ರ ಏಪ್ರಿಲ್‌ನಲ್ಲಿ ಅಮೆರಿಕದಿಂದ ಕರೆತಂದರು. ಇದು ಆರೋಪಿಯ ಹಸ್ತಾಂತರ. 1962ರ ಎಕ್ಸ್‌ಟ್ರಡಿಷನ್ ಕಾಯಿದೆಯಡಿ ನಡೆಯುತ್ತದೆ, ವಿದೇಶಾಂಗ ಸಚಿವಾಲಯದ ಬೇರೆ ವಿಭಾಗ ನೋಡುತ್ತದೆ.

ಎರಡನೆಯದು ಸಾಕ್ಷ್ಯ ತರಿಸುವುದು. 2016ರ ಫೆಬ್ರವರಿಯಲ್ಲಿ ಅದೇ 26/11 ಸಂಚಿನಲ್ಲಿದ್ದ ಡೇವಿಡ್ ಹೆಡ್ಲಿ ಅಮೆರಿಕದಲ್ಲಿ ಕುಳಿತೇ ವೀಡಿಯೋ ಮೂಲಕ ಮುಂಬೈ ಕೋರ್ಟಿಗೆ ಸಾಕ್ಷಿ ಹೇಳಿದ. ಹೊರದೇಶದ ಸಾಕ್ಷಿಯನ್ನು ಹೀಗೆ ವೀಡಿಯೋದಲ್ಲಿ ವಿಚಾರಿಸಬಹುದು ಎಂದು ಸುಪ್ರೀಂ ಕೋರ್ಟು 2003ರಲ್ಲಿ ಹೇಳಿದ್ದೂ ಮುಂಬೈಯ ಒಬ್ಬ ಡಾಕ್ಟರ ಕೇಸಿನಲ್ಲಿ. ಪರಸ್ಪರ ಕಾನೂನು ನೆರವಿನ ಇಂಥ ಕೋರಿಕೆಗಳಿಗೆ ನಮ್ಮಲ್ಲಿ ಗೃಹ ಸಚಿವಾಲಯ ಕೇಂದ್ರ ಪ್ರಾಧಿಕಾರ.

ಮೂರನೆಯದು ನಾನು ನೋಡಿಕೊಂಡದ್ದು. ಅದರಲ್ಲಿ ಒಬ್ಬ ಆರೋಪಿ, ಒಂದು ಕೇಸು ಇರುವುದಿಲ್ಲ. ಇಡೀ ವ್ಯವಸ್ಥೆಗೆ ಕೈ ಕೊಡುವುದು ಅದು.

ನಮ್ಮ ಠಾಣೆಗಳ ಸ್ಥಿತಿ ನೋಡಿ. ಬೇರೆ ದೇಶದ ಪೊಲೀಸರಿಗೆ ನಮ್ಮ ದುಡ್ಡು ಯಾಕೆ?

ಈ ಪ್ರಶ್ನೆಯಲ್ಲಿ ಸಿಟ್ಟು ಇದೆ, ಆ ಸಿಟ್ಟು ನ್ಯಾಯವಾದದ್ದೇ. ಆದರೂ ಒಂದು ಉದಾಹರಣೆ ನೋಡಿ. ಥಾಣೆಯಲ್ಲೋ ಪಿಂಪ್ರಿಯಲ್ಲೋ ಇರುವ ನಿವೃತ್ತ ಶಿಕ್ಷಕರಿಗೆ ಫೋನ್ ಬರುತ್ತದೆ. ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಎನ್ನುತ್ತಾರೆ. ಫೋನ್ ಮಾಡಿದವನು ಎಷ್ಟೋ ಸಲ ಕಾಂಬೋಡಿಯಾದಲ್ಲೋ ಮ್ಯಾನ್ಮಾರ್ ಗಡಿಯಲ್ಲೋ ಇರುವ ಕಟ್ಟಡದಲ್ಲಿ ಕುಳಿತಿರುತ್ತಾನೆ. ಅವನೂ ಬಹುಶಃ ಡೇಟಾ ಎಂಟ್ರಿ ಕೆಲಸ ಎಂದು ನಂಬಿ ಹೋಗಿ, ಪಾಸ್‌ಪೋರ್ಟ್ ಕಳೆದುಕೊಂಡ ನಮ್ಮ ಹುಡುಗನೇ. 2025ರ ಮಾರ್ಚ್‌ನಲ್ಲಿ ಅಂಥ 500ಕ್ಕೂ ಹೆಚ್ಚು ಭಾರತೀಯರನ್ನು ಥಾಯ್ಲೆಂಡಿನ ಮೇ ಸೋಟ್‌ನಿಂದ ವಾಯುಪಡೆಯ ವಿಮಾನದಲ್ಲಿ ಕರೆತರಬೇಕಾಯಿತು.

ಮುಂಬೈ ಪೊಲೀಸರು ಎಷ್ಟೇ ಚುರುಕಾಗಿದ್ದರೂ ಆ ಕಟ್ಟಡಕ್ಕೆ ನುಗ್ಗಲಾರರು. ಅಲ್ಲಿನ ತನಿಖಾಧಿಕಾರಿಗೆ ಸರ್ವರ್ ಹೇಗೆ ವಶಪಡಿಸಿಕೊಳ್ಳಬೇಕು, ಕೂಡಿಹಾಕಿದವರನ್ನು ಆರೋಪಿಗಳಿಂದ ಹೇಗೆ ಬೇರೆ ಮಾಡಬೇಕು ಎಂದು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಕಲಿಸಿಕೊಡುವುದು ನಮಗೂ ಲಾಭ. ಇದರ ಖರ್ಚು ರಾಜ್ಯದ ಪೊಲೀಸ್ ಬಜೆಟ್‌ನಿಂದ ಬರುವುದೂ ಇಲ್ಲ. ಅಂದಹಾಗೆ ಮೋಸ ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿ. ಮರುದಿನದವರೆಗೆ ಕಾಯಬೇಡಿ.

ಇದೆಲ್ಲ ಅಮೆರಿಕದವರು ಮಾಡೋದು ಅಂದುಕೊಂಡಿದ್ದೆ. ಭಾರತವೂ ಮಾಡುತ್ತಾ?

ಮಾಡುತ್ತದೆ, ಬಹಳ ಹಿಂದಿನಿಂದ. ಐಟೆಕ್ ಎಂದು ಕರೆಯುವ ಭಾರತೀಯ ತಾಂತ್ರಿಕ ಮತ್ತು ಆರ್ಥಿಕ ಸಹಕಾರ ಕಾರ್ಯಕ್ರಮ 1964ರ ಸೆಪ್ಟೆಂಬರ್ 15ರಂದು ಶುರುವಾಯಿತು. ಹೊರದೇಶದ ಅಧಿಕಾರಿಗಳು ಇಲ್ಲಿಗೆ ಬಂದು ಕಲಿಯುತ್ತಾರೆ. ವಿಮಾನದ ಟಿಕೆಟ್, ಶುಲ್ಕ, ವಸತಿ, ಭತ್ಯೆ ನಮ್ಮದು. ಹೈದರಾಬಾದಿನ ರಾಷ್ಟ್ರೀಯ ಪೊಲೀಸ್ ಅಕಾಡೆಮಿ, ಗಾಜಿಯಾಬಾದಿನ ಸಿಬಿಐ ಅಕಾಡೆಮಿಯಂಥ ಕಡೆ ಕೋರ್ಸುಗಳು ನಡೆಯುತ್ತವೆ. ಬಾಂಗ್ಲಾದೇಶದ ನ್ಯಾಯಾಧೀಶರು ಭೋಪಾಲದ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿಗೆ ಬಂದು ಕಲಿತಿದ್ದಾರೆ. 2012ರಲ್ಲಿ ವಿದೇಶಾಂಗ ಸಚಿವಾಲಯ ಎಲ್ಲ ನೆರವನ್ನೂ ನೋಡಿಕೊಳ್ಳಲು ಅಭಿವೃದ್ಧಿ ಪಾಲುದಾರಿಕೆ ಆಡಳಿತ ಎಂಬ ವಿಭಾಗ ಕಟ್ಟಿತು.

ಹೊರಗೆ ಹೋಗಿ ಕಟ್ಟಿಕೊಟ್ಟದ್ದೂ ಇದೆ. ಮಾಲ್ಡೀವ್ಸ್‌ನ ಅಡ್ಡು ನಗರದಲ್ಲಿ ಭಾರತದ ಅನುದಾನದಿಂದ ಆದ ಪೊಲೀಸ್ ಕಾಲೇಜು 2022ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಉಗಾಂಡಾದ ಜಿಂಜಾದಲ್ಲಿ ನಮ್ಮ ರಾಷ್ಟ್ರೀಯ ಫೊರೆನ್ಸಿಕ್ ವಿಶ್ವವಿದ್ಯಾಲಯ 2023ರಲ್ಲಿ ತನ್ನ ಮೊದಲ ಹೊರದೇಶದ ಕ್ಯಾಂಪಸ್ ತೆರೆಯಿತು.

ನನಗೆ ಎಲ್ಲಕ್ಕಿಂತ ಹೆಮ್ಮೆ ಲೈಬೀರಿಯಾದ್ದು. 2007ರ ಜನವರಿಯಲ್ಲಿ ವಿಶ್ವಸಂಸ್ಥೆಯ ಕೆಳಗೆ ಅಲ್ಲಿಗೆ ಹೋದ ನಮ್ಮ ಪೊಲೀಸ್ ತುಕಡಿ ಪೂರ್ತಿ ಹೆಂಗಸರದು. ಅಂಥದ್ದು ಜಗತ್ತಿನಲ್ಲೇ ಮೊದಲು. ಅಂತರ್ಯುದ್ಧದಲ್ಲಿ ಸಮವಸ್ತ್ರ ಕಂಡರೆ ಓಡುತ್ತಿದ್ದ ಹೆಂಗಸರು ಇವರ ಹತ್ತಿರ ಬಂದು ಮಾತನಾಡಿದರು. 2016ರ ಫೆಬ್ರವರಿಯವರೆಗೆ ಒಂದರ ಹಿಂದೆ ಒಂದು ತುಕಡಿ ಅಲ್ಲಿತ್ತು.

ಹಾಗಾದ್ರೆ ಅಮೆರಿಕದವರದ್ದು ಹೇಗೆ ನಡೆಯುತ್ತೆ?

ಅವರಲ್ಲಿ ಇದಕ್ಕೇ ಒಂದು ದೊಡ್ಡ ವಿಭಾಗ ಇದೆ. ವಿದೇಶಾಂಗ ಇಲಾಖೆಯೊಳಗೆ ಮಾದಕ ವಸ್ತು ತಡೆಗೆಂದು 1978ರಲ್ಲಿ ಶುರುವಾಯಿತು, ಈಗ ಎಲ್ಲರೂ ಐಎನ್ಎಲ್ ಎನ್ನುತ್ತಾರೆ. ದುಡ್ಡು ಮತ್ತು ನೀತಿ ಅವರ ಕೈಯಲ್ಲಿ. ತಜ್ಞರು ಮಾತ್ರ ನ್ಯಾಯ ಇಲಾಖೆಯವರು. ಪೊಲೀಸರಿಗೆ ಕಲಿಸುವ ಐಸಿಟ್ಯಾಪ್ 1986ರದು, ಪ್ರಾಸಿಕ್ಯೂಟರ್‌ಗಳಿಗೆ ಕಲಿಸುವ ಆಪ್‌ಡ್ಯಾಟ್ 1991ರದು. ಬುಡಾಪೆಸ್ಟ್, ಬ್ಯಾಂಕಾಕ್, ಗ್ಯಾಬೊರೋನ್, ಸಾನ್ ಸಾಲ್ವಡಾರ್‌ಗಳಲ್ಲಿ ಹಲವು ದೇಶದವರಿಗೆ ಒಟ್ಟಿಗೆ ಕಲಿಸುವ ಅಕಾಡೆಮಿಗಳಿವೆ.

ದುಡ್ಡು ಒಬ್ಬರದು, ಜ್ಞಾನ ಇನ್ನೊಬ್ಬರದು ಆದಾಗ ಜಗ್ಗಾಟ ಇದ್ದೇ ಇರುತ್ತದೆ. ಮೇಲ್ವಿಚಾರಕರ ಅರ್ಧ ಜೀವ ಅದರಲ್ಲೇ ಹೋಗುತ್ತದೆ. ನಮ್ಮಲ್ಲಿ ವಿದೇಶಾಂಗ ಮತ್ತು ಗೃಹ ಸಚಿವಾಲಯಗಳ ನಡುವೆಯೂ ಅದೇ ಕಥೆ.

## ದಿನದ ಕೆಲಸ

ಬೆಳಿಗ್ಗೆಯಿಂದ ಸಂಜೆವರೆಗೆ ಆಫೀಸಲ್ಲಿ ಏನು ಮಾಡ್ತೀರಿ?

ಓದುವುದು, ಕೇಳುವುದು, ಸಹಿ ಹಾಕದೆ ವಾಪಸ್ ಕಳಿಸುವುದು. ಕಾರ್ಯಕ್ರಮ ನಡೆಸುವ ಸಂಸ್ಥೆಗಳಿಂದ ಮೂರು ತಿಂಗಳಿಗೊಮ್ಮೆ ವರದಿ ಬರುತ್ತದೆ. ಅದರಲ್ಲಿ ಫೋಟೋ ಜಾಸ್ತಿ, ವಿಷಯ ಕಡಿಮೆ. ರಾಯಭಾರ ಕಚೇರಿಯಿಂದ ಟಿಪ್ಪಣಿ ಬರುತ್ತದೆ. ಗೃಹ ಮತ್ತು ಹಣಕಾಸು ಸಚಿವಾಲಯಗಳ ಜೊತೆ ಸಭೆ ಇರುತ್ತದೆ. ಆರ್ಥಿಕ ವರ್ಷ ಮುಗಿಯುವ ಹೊತ್ತಿಗೆ ಎಲ್ಲರಿಗೂ ಗಡಿಬಿಡಿ, ನಮಗೆ ಮಾರ್ಚ್ 31, ಅಮೆರಿಕದವರಿಗೆ ಸೆಪ್ಟೆಂಬರ್ 30. ಆ ಗಡಿಬಿಡಿಯಲ್ಲಿ ದುಡ್ಡು ಮುಗಿಸಲೆಂದು ಒಪ್ಪಿದ ಕಾರ್ಯಕ್ರಮಗಳೇ ಮುಂದೆ ತಲೆನೋವಾಗುತ್ತವೆ.

ವರ್ಷಕ್ಕೆ ಕೆಲವು ಸಲ ಸ್ಥಳಕ್ಕೆ ಹೋಗಬೇಕು. ಹೋದಾಗ ಮೊದಲು ಮಾಡುವ ಕೆಲಸ ಬೇರೆ ದೇಶದವರು ಅಲ್ಲಿ ಏನು ಮಾಡುತ್ತಿದ್ದಾರೆ ಎಂದು ತಿಳಿಯುವುದು. ಒಂದೇ ಠಾಣೆಯ ಅದೇ ನಾಲ್ಕು ಅಧಿಕಾರಿಗಳಿಗೆ ಮೂರು ದೇಶದವರು ಅದೇ ಸೈಬರ್ ಕೋರ್ಸು ಕೊಡುತ್ತಿರುವುದು ಅಪರೂಪವಲ್ಲ. ಅವರಿಗೆ ಪ್ರಮಾಣಪತ್ರ ಇಡಲು ಜಾಗವಿರುವುದಿಲ್ಲ. ಪಕ್ಕದ ಜಿಲ್ಲೆಗೆ ಮಾತ್ರ ಯಾರೂ ಹೋಗಿರುವುದಿಲ್ಲ.

ಜೀಪು, ಕಂಪ್ಯೂಟರ್ ಕೊಡ್ತೀರಲ್ಲ, ಅದನ್ನ ಮಾರಿಕೊಂಡ್ರೆ ಏನು ಗತಿ?

ಪ್ರತಿ ವಸ್ತುವಿನ ಸೀರಿಯಲ್ ನಂಬರ್ ಪಟ್ಟಿಯಲ್ಲಿ ಇರುತ್ತದೆ. ಎಲ್ಲಿದೆ, ಯಾರ ಕೈಯಲ್ಲಿದೆ ಎಂದು ಹೋಗಿ ನೋಡುತ್ತೇವೆ. ಕಳವು ಆಗುತ್ತದೆ, ನಿಜ. ಆದರೆ ನನ್ನ ಅನುಭವದಲ್ಲಿ ಕಳವಿಗಿಂತ ಜಾಸ್ತಿ ನಷ್ಟ ಸುಮ್ನೆ ನಿಂತುಹೋಗುವುದರಿಂದ.

ಡಿಎನ್ಎ ಯಂತ್ರ ಕೊಟ್ಟರೆ ಸಾಲದು. ಅದಕ್ಕೆ ಬೇಕಾದ ರಾಸಾಯನಿಕ ಕಿಟ್‌ಗೆ ಅವಧಿ ಇರುತ್ತದೆ, ತಂಪಾಗಿ ಇಡಬೇಕು, ತಿಂಗಳು ತಿಂಗಳೂ ಕೊಳ್ಳಬೇಕು. ಕರೆಂಟು ಹೋಗಬಾರದು. ವರ್ಷದ ರಿಪೇರಿ ಒಪ್ಪಂದ ಬೇಕು. ಈ ಖರ್ಚನ್ನು ಅಲ್ಲಿನ ಸರ್ಕಾರ ತನ್ನ ಬಜೆಟ್‌ನಲ್ಲಿ ಬರೆದಿದೆಯಾ ಎಂದು ಕೇಳದೆ ಯಂತ್ರ ಕಳಿಸಿದರೆ, ಎರಡು ವರ್ಷದಲ್ಲಿ ಅದರ ಮೇಲೆ ಬಟ್ಟೆ ಹೊದಿಸಿರುತ್ತಾರೆ. ಹಾಗಾಗಿ ನಾನು ಮೊದಲು ಅವರ ಬಜೆಟ್ ಪುಸ್ತಕ ತರಿಸಿಕೊಳ್ಳುತ್ತಿದ್ದೆ.

ತರಬೇತಿ ಮುಗಿದ ಮೇಲೆ ಎಲ್ಲರೂ ಚೆನ್ನಾಗಿತ್ತು ಅಂತಾರೆ. ನಿಜವಾಗಿ ಉಪಯೋಗ ಆಯ್ತು ಅಂತ ಹೇಗೆ ಗೊತ್ತಾಗುತ್ತೆ?

ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ಇಷ್ಟು ಜನರಿಗೆ ಕಲಿಸಿದೆವು ಎಂಬುದು ಲೆಕ್ಕ, ಫಲ ಅಲ್ಲ. ಫಲ ತಿಳಿಯಬೇಕಾದರೆ ಶುರುವಿನಲ್ಲೇ ಇದ್ದ ಸ್ಥಿತಿ ಬರೆದಿಟ್ಟಿರಬೇಕು. ಲ್ಯಾಬಿನಲ್ಲಿ ಎಷ್ಟು ಸ್ಯಾಂಪಲ್ ಬಾಕಿ ಇದ್ದವು? ಮಾಲು ಹಿಡಿದ ದಿನದಿಂದ ರಿಪೋರ್ಟ್ ಬರುವವರೆಗೆ ಎಷ್ಟು ದಿನ ಆಗುತ್ತಿತ್ತು? ಸೀಲು ಒಡೆದಿತ್ತು, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಬರೆದಿಲ್ಲ ಎಂದು ಕೋರ್ಟು ಎಷ್ಟು ರಿಪೋರ್ಟ್ ತಳ್ಳಿಹಾಕಿತು? ಎರಡು ವರ್ಷದ ನಂತರ ಇವನ್ನೇ ಮತ್ತೆ ಕೇಳಬೇಕು.

ಯಾವ ಸಂಖ್ಯೆ ಕೇಳುತ್ತೇವೆ ಎಂಬುದರಲ್ಲಿ ಅಪಾಯವೂ ಇದೆ. ಬಂಧನ ಎಷ್ಟಾಯಿತು ಎಂದು ಕೇಳಿದರೆ ಪೊಲೀಸರು ಬಂಧಿಸುತ್ತಾ ಹೋಗುತ್ತಾರೆ. ಶಿಕ್ಷೆ ಎಷ್ಟಾಯಿತು ಎಂದು ಕೇಳಿದರೆ ಕೆಲವು ಕಡೆ ಹೊಡೆದು ತಪ್ಪೊಪ್ಪಿಗೆ ಬರೆಸಿಕೊಳ್ಳುತ್ತಾರೆ. ನಮ್ಮ ನೆರವಿನ ಹಾಳೆಯಲ್ಲಿ ಅದು ಯಶಸ್ಸು ಎಂದು ಕಾಣುತ್ತದೆ. ನಾನು ಕೇಳುತ್ತಿದ್ದದ್ದು ಬೇರೆ. ಬಂಧಿಸಿದವರನ್ನು ಎಷ್ಟು ಗಂಟೆಯಲ್ಲಿ ಮ್ಯಾಜಿಸ್ಟ್ರೇಟ್ ಮುಂದೆ ತಂದರು? ವಕೀಲರು ಮೊದಲ ಸಲ ಸಿಕ್ಕಿದ್ದು ಯಾವಾಗ? ಆಧಾರ ಸಾಲದು ಎಂದು ಸರ್ಕಾರಿ ವಕೀಲರೇ ಕೈಬಿಟ್ಟ ಕೇಸುಗಳು ಎಷ್ಟು? ಈ ಕೊನೆಯ ಸಂಖ್ಯೆ ಮೊದಲು ಏರಿದರೆ ಒಳ್ಳೆಯ ಲಕ್ಷಣ. ಅಂದರೆ ಯಾರೋ ಫೈಲು ಓದಲು ಶುರು ಮಾಡಿದ್ದಾರೆ.

ಯಾರನ್ನು ಕೇಳಬೇಕು ಎಂಬುದೂ ಮುಖ್ಯ. ಪೊಲೀಸ್ ಮುಖ್ಯಸ್ಥರು ಚಹಾ ಕೊಟ್ಟು ಸ್ಲೈಡ್ ತೋರಿಸುತ್ತಾರೆ. ನಿಜ ಹೇಳುವವರು ಆರೋಪಿ ಪರ ವಕೀಲರು, ಕೋರ್ಟಿನ ಬೆಂಚ್ ಕ್ಲರ್ಕ್, ಜೈಲಿನ ಬಾಗಿಲಲ್ಲಿ ಕಾಯುವ ಮನೆಯವರು. ಯಾವ ದೇಶಕ್ಕೆ ಹೋದರೂ ಕೋರ್ಟಿನ ವರಾಂಡದಲ್ಲಿ ಅರ್ಧ ದಿನ ಕೂರದೆ ನಾನು ವರದಿ ಬರೆದವನಲ್ಲ.

ಇನ್ನೊಂದು ರೋಗ ವರ್ಗಾವಣೆ. ಫೊರೆನ್ಸಿಕ್ ಕಲಿತು ಹೋದ ಅಧಿಕಾರಿ ಮುಂದಿನ ತಿಂಗಳು ಟ್ರಾಫಿಕ್‌ಗೆ ಹೋಗಿರುತ್ತಾರೆ. ಅಥವಾ ಮೇಲಿನವರಿಗೆ ಬೇಕಾದವರು ವಿದೇಶ ಪ್ರವಾಸ ಎಂದು ಬಂದಿರುತ್ತಾರೆ, ಲ್ಯಾಬಿಗೂ ಅವರಿಗೂ ಸಂಬಂಧ ಇರುವುದಿಲ್ಲ. ಕಲಿತವರು ಇಂತಿಷ್ಟು ವರ್ಷ ಅದೇ ಹುದ್ದೆಯಲ್ಲಿ ಇರಬೇಕು ಎಂದು ಒಪ್ಪಂದದಲ್ಲೇ ಬರೆಸಿದರೆ ಸ್ವಲ್ಪ ಹಿಡಿತ ಸಿಗುತ್ತದೆ.

ಅಫ್ಘಾನಿಸ್ತಾನದಲ್ಲಿ ಅಮೆರಿಕದ ಲೆಕ್ಕ ತಪಾಸಣೆಯವರು ಕಂಡದ್ದು ಇದಕ್ಕಿಂತ ಕೆಟ್ಟದ್ದು. ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಸಂಬಳ ಹೋಗುತ್ತಿದ್ದ ಎಷ್ಟೋ ಪೊಲೀಸರು ನಿಜದಲ್ಲಿ ಇರಲೇ ಇಲ್ಲ.

ಬರೀ ಪೊಲೀಸರಿಗೇ ಕೊಡ್ತೀರಾ? ಜೈಲಿಗೂ ಕೊಡಬೇಕಾ? ಕಳ್ಳರಿಗೆ ಸೌಕರ್ಯ ಯಾಕೆ?

ಜೈಲಿನಲ್ಲಿರುವವರೆಲ್ಲ ಕಳ್ಳರಲ್ಲ. ನಮ್ಮ ದೇಶದಲ್ಲೇ 2022ರ ಅಧಿಕೃತ ಲೆಕ್ಕದಂತೆ ಕೈದಿಗಳಲ್ಲಿ ನಾಲ್ಕರಲ್ಲಿ ಮೂವರು ವಿಚಾರಣಾಧೀನರು. ಅವರ ತಪ್ಪು ಇನ್ನೂ ಸಾಬೀತಾಗಿಲ್ಲ.

ಪೊಲೀಸರಿಗೆ ಮಾತ್ರ ಬಲ ಕೊಟ್ಟು ಕೋರ್ಟು, ಜೈಲನ್ನು ಹಾಗೇ ಬಿಟ್ಟರೆ ಏನಾಗುತ್ತದೆ? ಬಂಧನ ಹೆಚ್ಚುತ್ತದೆ, ವಿಚಾರಣೆ ಮುಂದಕ್ಕೆ ಹೋಗುತ್ತದೆ, ಜೈಲು ತುಂಬುತ್ತದೆ. ನೆರವು ಕೊಟ್ಟು ನಾವೇ ಜೈಲು ತುಂಬಿಸಿದಂತೆ ಆಗುತ್ತದೆ. ಮೂರಕ್ಕೂ ಒಟ್ಟಿಗೆ ಕೊಡಬೇಕು ಎನ್ನುವುದು ಅದಕ್ಕೇ. ಆದರೆ ಜೈಲಿನ ನೆರವಿಗೆ ಫೋಟೋ ಚೆನ್ನಾಗಿ ಬರುವುದಿಲ್ಲ. ಮಂತ್ರಿಗಳು ಉದ್ಘಾಟನೆಗೆ ಬರುವುದಿಲ್ಲ. ಅದಕ್ಕೆ ದುಡ್ಡು ಬೇಡುವುದು ಕಷ್ಟ.

ಸ್ವಾರ್ಥದಿಂದ ನೋಡಿದರೂ ಜೈಲು ಮುಖ್ಯ. ವಿಜಯ್ ಮಲ್ಯ ಹಸ್ತಾಂತರದ ಕೇಸಿನಲ್ಲಿ ಲಂಡನ್ ಕೋರ್ಟು 2018ರಲ್ಲಿ ಮುಂಬೈಯ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್‌ನ ವೀಡಿಯೋ ತರಿಸಿ ನೋಡಿತು. ಗಾಳಿ ಬೆಳಕು ಇದೆಯಾ ಎಂಬುದು ಅಲ್ಲಿನ ವಾದದ ವಿಷಯವಾಗಿತ್ತು. ಶಸ್ತ್ರಾಸ್ತ್ರ ದಲ್ಲಾಳಿ ಸಂಜಯ್ ಭಂಡಾರಿ ಕೇಸಿನಲ್ಲಿ ಲಂಡನ್ ಹೈಕೋರ್ಟು 2025ರ ಫೆಬ್ರವರಿಯಲ್ಲಿ ತಿಹಾರ್‌ನಲ್ಲಿ ಸುಲಿಗೆ, ಹಿಂಸೆಯ ಅಪಾಯ ಇದೆ ಎಂದು ಆರೋಪಿಯನ್ನು ಕಳಿಸಲು ಒಪ್ಪಲಿಲ್ಲ. ಜೈಲು ಸರಿ ಇಲ್ಲದಿದ್ದರೆ ಆರೋಪಿ ವಾಪಸ್ ಬರುವುದಿಲ್ಲ. ಇದು ಬೇರೆ ದೇಶಗಳಿಗೂ ಅನ್ವಯಿಸುತ್ತದೆ, ನಮಗೂ.

## ಈ ಕೆಲಸಕ್ಕೆ ಬರುವ ದಾರಿ

ಮಗಳು ಪುಣೆಯಲ್ಲಿ ಲಾ ಓದ್ತಿದ್ದಾಳೆ. ಈ ಕೆಲಸಕ್ಕೆ ಹೋಗಬೇಕು ಅಂತಾಳೆ. ಏನು ಮಾಡಬೇಕು ಅಣ್ಣಾ?

ನೇರ ದಾರಿ ಯುಪಿಎಸ್‌ಸಿ ಬರೆದು ಐಎಫ್ಎಸ್, ಅಂದರೆ ಭಾರತೀಯ ವಿದೇಶಾಂಗ ಸೇವೆ, ಸೇರುವುದು. ಸಾಮಾನ್ಯ ವರ್ಗಕ್ಕೆ 21ರಿಂದ 32 ವಯಸ್ಸು, 6 ಸಲ ಅವಕಾಶ. ಆದರೆ ಸೇರಿದ ಮೇಲೆ ಇದೇ ಮೇಜು ಸಿಗುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಅಮೆರಿಕದ ವಿದೇಶಾಂಗ ಸೇವೆಗೆ ಅವರ ನಾಗರಿಕರೇ ಆಗಿರಬೇಕು, ಆ ಆಸೆ ಬೇಡ.

ಎರಡನೇ ದಾರಿ ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ. ಮುಖ್ಯ ಕಚೇರಿ ವಿಯೆನ್ನಾದಲ್ಲಿ, ದಕ್ಷಿಣ ಏಷ್ಯಾದ್ದು ದೆಹಲಿಯಲ್ಲಿ. ಮೂರನೆಯದನ್ನು ಜನ ಮರೆಯುತ್ತಾರೆ. ದೊಡ್ಡ ದೇಶಗಳ ರಾಯಭಾರ ಕಚೇರಿಗಳಲ್ಲಿ ಸ್ಥಳೀಯ ಸಿಬ್ಬಂದಿ ಹುದ್ದೆಗಳಿರುತ್ತವೆ. ಹೊರಗಿನಿಂದ ಬಂದ ಅಧಿಕಾರಿ ಎರಡು ಮೂರು ವರ್ಷಕ್ಕೆ ಹೋಗುತ್ತಾರೆ. ಕಾರ್ಯಕ್ರಮದ ನೆನಪು ಪೂರ್ತಿ ಇರುವುದು ಈ ಸ್ಥಳೀಯರ ತಲೆಯಲ್ಲಿ.

ಮಗಳಿಗೆ ಒಂದು ಮಾತು ಹೇಳಿ. ಓದುತ್ತಿರುವಾಗಲೇ ಶಿವಾಜಿನಗರದ ಕೋರ್ಟಿಗೆ ಹೋಗಿ ರಿಮಾಂಡ್ ನಡೆಯುವುದನ್ನು ನೋಡಲಿ. ಮುಂಬೈಯಲ್ಲಿ ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಪ್ರಯಾಸ್ 1990ರಿಂದ ಕೈದಿಗಳ ಜೊತೆ ಕೆಲಸ ಮಾಡುತ್ತಿದೆ. ಅಂಥ ಕಡೆ ಒಂದು ಬೇಸಿಗೆ ಕಳೆದವರು ವಿಯೆನ್ನಾದ ಇಂಟರ್‌ವ್ಯೂನಲ್ಲಿ ಹೇಳುವ ಮಾತಿಗೆ ತೂಕ ಇರುತ್ತದೆ.

ಗೋವಾದಲ್ಲಿ ಫೊರೆನ್ಸಿಕ್ ಓದಿದ್ರೆ ಇದಕ್ಕೆ ದಾರಿ ಇದೆಯಾ?

ಇದೆ. ರಾಷ್ಟ್ರೀಯ ಫೊರೆನ್ಸಿಕ್ ವಿಶ್ವವಿದ್ಯಾಲಯದ ಕ್ಯಾಂಪಸ್ ಗೋವಾದ ಪೋಂಡಾದಲ್ಲಿದೆ. ಧಾರವಾಡಕ್ಕೂ ಒಂದು ಬಂದಿದೆ. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲಿ 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಿಗೆ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಬೇಕು ಎಂದಿದೆ. ಹಾಗಾಗಿ ಇಲ್ಲೇ ಬೇಡಿಕೆ ಜಾಸ್ತಿ. ಮೊದಲು ಇಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡಿ, ಕೋರ್ಟಿನ ಕಟಕಟೆಯಲ್ಲಿ ನಿಂತು ಪಾಟೀಸವಾಲು ಎದುರಿಸಿ. ಹೊರದೇಶಕ್ಕೆ ಕಲಿಸಲು ಅಂಥವರೇ ಬೇಕು.

ನಾನು ಪೊಲೀಸ್ ಇನ್ಸ್‌ಪೆಕ್ಟರ್. ವಿಶ್ವಸಂಸ್ಥೆಗೆ ಹೋಗೋದು ಹೇಗೆ?

ರಾಜ್ಯದಿಂದ ಕೇಂದ್ರ ಗೃಹ ಸಚಿವಾಲಯಕ್ಕೆ ಹೆಸರು ಹೋಗುತ್ತದೆ. ಇಂಗ್ಲಿಷ್, ಗಾಡಿ ಓಡಿಸುವುದು, ಗುರಿ ಹೊಡೆಯುವುದರ ಪರೀಕ್ಷೆ ಇರುತ್ತದೆ. ಡ್ರೈವಿಂಗ್‌ನಲ್ಲಿ ಬಿದ್ದುಹೋಗುವವರು ಬಹಳ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮ್ಮ ಮೇಲೆ ಇಲಾಖಾ ವಿಚಾರಣೆ ಬಾಕಿ ಇರಬಾರದು.

## ಕಷ್ಟದ ಪ್ರಶ್ನೆಗಳು

ನೀವು ಕಲಿಸಿದ ಪೊಲೀಸರೇ ನಾಳೆ ಜನರನ್ನ ಹಿಂಸಿಸಿದ್ರೆ? ಪಾಪ ಯಾರ ತಲೆಗೆ?

ಪಾಲು ನಮಗೂ ಬರುತ್ತದೆ. ಇದನ್ನು ಒಪ್ಪದವರು ಈ ಹುದ್ದೆಗೆ ಬರಬಾರದು.

ಇತಿಹಾಸ ಇದನ್ನು ಒಂದು ಸಲ ಕಲಿಸಿದೆ. ಅಮೆರಿಕ 1960ರ ದಶಕದಲ್ಲಿ ಸಾರ್ವಜನಿಕ ಸುರಕ್ಷತಾ ಕಚೇರಿ ಎಂದು ಕಟ್ಟಿ ಲ್ಯಾಟಿನ್ ಅಮೆರಿಕ, ಏಷ್ಯಾದ ಪೊಲೀಸರಿಗೆ ಕಲಿಸಿತು. ಕಲಿತವರು ಚಿತ್ರಹಿಂಸೆ ಕೊಡುತ್ತಾರೆ ಎಂಬ ಆರೋಪ ಬೆಳೆಯಿತು. ಉರುಗ್ವೆಯಲ್ಲಿ ಡ್ಯಾನ್ ಮಿಟ್ರಿಯೋನ್ ಎಂಬ ಸಲಹೆಗಾರನನ್ನು ಗೆರಿಲ್ಲಾಗಳು 1970ರಲ್ಲಿ ಅಪಹರಿಸಿ ಕೊಂದರು. ಕೊನೆಗೆ ಅಮೆರಿಕದ ಸಂಸತ್ತು 1974ರಲ್ಲಿ ಆ ಕಚೇರಿ ಮುಚ್ಚಿಸಿ, ಹೊರದೇಶದ ಪೊಲೀಸರಿಗೆ ನೆರವು ಕೊಡಬಾರದೆಂದೇ ಕಾನೂನು ಮಾಡಿತು. ಇಂದಿನ ಕಾರ್ಯಕ್ರಮಗಳು ನಡೆಯುತ್ತಿರುವುದು ಆಮೇಲೆ ಒಂದೊಂದಾಗಿ ಕೊಟ್ಟ ವಿನಾಯಿತಿಗಳ ಮೇಲೆ.

1997ರಲ್ಲಿ ಸೆನೆಟರ್ ಪ್ಯಾಟ್ರಿಕ್ ಲೇಹಿ ತಂದ ನಿಯಮ ಇನ್ನೂ ಗಟ್ಟಿಯಾದದ್ದು. ಚಿತ್ರಹಿಂಸೆ, ಕಾನೂನು ಬಾಹಿರ ಕೊಲೆ, ಜನರನ್ನು ಕಾಣೆ ಮಾಡುವುದು, ಅತ್ಯಾಚಾರ ಇವುಗಳ ಬಗ್ಗೆ ನಂಬಬಹುದಾದ ಮಾಹಿತಿ ಇದ್ದರೆ ಆ ತುಕಡಿಗೆ ನೆರವಿಲ್ಲ. ಕೋರ್ಸಿಗೆ ಬರುವವರ ಹೆಸರು, ಅವರ ಘಟಕ ಎರಡನ್ನೂ ಮೊದಲೇ ತಪಾಸಣೆ ಮಾಡುತ್ತಾರೆ. ಬ್ರಿಟನ್ 2011ರಲ್ಲಿ ತನ್ನ ಅಧಿಕಾರಿಗಳಿಗೆ ಇಂಥದ್ದೇ ಮಾರ್ಗಸೂಚಿ ತಂದಿತು. ವಿಶ್ವಸಂಸ್ಥೆಗೂ ಒಂದು ನೀತಿ ಇದೆ.

ಇವುಗಳಿಗೂ ಮಿತಿ ಇದೆ. ಹೆಸರಾದ ಜನರಲ್‌ಗಳ ಬಗ್ಗೆ ಮಾಹಿತಿ ಸಿಗುತ್ತದೆ. ದೂರದ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಲಾಕಪ್‌ನಲ್ಲಿ ಏನು ಮಾಡಿದ ಎಂದು ಯಾವ ಪತ್ರಿಕೆಯೂ ಬರೆಯುವುದಿಲ್ಲ. ಮಾಹಿತಿ ಇಲ್ಲ ಎಂದರೆ ದೋಷ ಇಲ್ಲ ಎಂದು ಗುರುತು ಹಾಕಿಬಿಡುತ್ತಾರೆ. ಅದಕ್ಕೇ ಅಲ್ಲಿನ ವಕೀಲರ ಸಂಘ, ಮಾನವ ಹಕ್ಕು ಕೆಲಸ ಮಾಡುವವರನ್ನು ಹುಡುಕಿ ಮಾತನಾಡಿಸಬೇಕು. ಅವರ ಹೆಸರು ಫೈಲಿನಲ್ಲಿ ಬರದಂತೆಯೂ ನೋಡಿಕೊಳ್ಳಬೇಕು.

ಭಾರತದಲ್ಲಿ ಲೇಹಿ ನಿಯಮದಂಥ ಕಾಯಿದೆ ಇಲ್ಲ. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ನಾವು 1997ರಲ್ಲಿ ಸಹಿ ಹಾಕಿದರೂ ಇನ್ನೂ ಅನುಮೋದಿಸಿಲ್ಲ. ಇಷ್ಟು ದೇಶಗಳ ಪೊಲೀಸರಿಗೆ ಕಲಿಸುವ ನಮಗೆ ಎರಡೂ ಬೇಕು ಎಂದು ನಾನು ಸೇವೆಯಲ್ಲಿದ್ದಾಗಲೂ ಹೇಳಿದ್ದೇನೆ, ಈಗಲೂ ಹೇಳುತ್ತೇನೆ.

ಗಲ್ಲು ಶಿಕ್ಷೆ ಇರೋ ದೇಶಕ್ಕೆ ನೆರವು ಕೊಡಬಹುದಾ?

ಗಲ್ಲು ರದ್ದು ಮಾಡಿದ ದೇಶಗಳಿಗೆ ಇದು ದೊಡ್ಡ ಅಡ್ಡಿ. ಅವರು ಮೊದಲು ಭರವಸೆ ಕೇಳುತ್ತಾರೆ. ಅಬು ಸಲೇಂನನ್ನು ಕಳಿಸುವ ಮೊದಲು ಗಲ್ಲು ಇಲ್ಲ, 25 ವರ್ಷಕ್ಕಿಂತ ಹೆಚ್ಚು ಜೈಲಿಲ್ಲ ಎಂದು ಭಾರತ ಪೋರ್ಚುಗಲ್‌ಗೆ ಮಾತು ಕೊಟ್ಟಿತ್ತು. ಆ ಮಾತಿಗೆ ಕೇಂದ್ರ ಸರ್ಕಾರ ಬದ್ಧ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. ಬ್ರಿಟನ್‌ನ ಮಂತ್ರಿಯೊಬ್ಬರು ಇಂಥ ಭರವಸೆ ಪಡೆಯದೆ ಅಮೆರಿಕಕ್ಕೆ ಸಾಕ್ಷ್ಯ ಕೊಟ್ಟಾಗ, ಬ್ರಿಟನ್‌ನದೇ ಸುಪ್ರೀಂ ಕೋರ್ಟು 2020ರಲ್ಲಿ ಅದು ಕಾನೂನಿಗೆ ವಿರುದ್ಧ ಎಂದಿತು. ತರಬೇತಿಗೂ ಇದೇ ಯೋಚನೆ ಅನ್ವಯ. ಮಾದಕ ವಸ್ತು ಕೇಸಿಗೆ ಗಲ್ಲು ಹಾಕುವ ದೇಶಕ್ಕೆ ಕಳ್ಳಸಾಗಣೆ ಹಿಡಿಯುವ ವಿದ್ಯೆ ಕಲಿಸುವ ಮೊದಲು ಯೂರೋಪಿನವರು ಹತ್ತು ಸಲ ಯೋಚಿಸುತ್ತಾರೆ.

ನೆರವಿನ ಹೆಸರಲ್ಲಿ ಆ ದೇಶಗಳನ್ನ ನಮ್ಮ ಕೈಯಲ್ಲಿ ಇಟ್ಟುಕೊಳ್ಳೋದೇ ಅಸಲಿ ಉದ್ದೇಶ, ಅಲ್ವಾ?

ಪ್ರಭಾವದ ಆಸೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಯಾವ ಸರ್ಕಾರವೂ ಧರ್ಮಕ್ಕೆ ದುಡ್ಡು ಹಾಕುವುದಿಲ್ಲ. ಆದರೆ ಪೊಲೀಸ್ ನೆರವಿನಲ್ಲಿ ಈ ಆಸೆ ಎದ್ದು ಕಂಡರೆ ನೆರವೇ ಕೆಡುತ್ತದೆ. ಭಾರತದ ಅನುದಾನದಿಂದ ಅಡ್ಡುವಿನಲ್ಲಿ ಆದ ಪೊಲೀಸ್ ಕಾಲೇಜಿನ ವಿಷಯದಲ್ಲಿ ಮಾಲ್ಡೀವ್ಸ್‌ನ ‘ಇಂಡಿಯಾ ಔಟ್’ ಚಳವಳಿಯವರು ಇಷ್ಟು ದೊಡ್ಡ ಕಟ್ಟಡ ಯಾಕೆ, ಭಾರತದವರು ಇಲ್ಲೇ ಇರಲು ಬರುತ್ತಾರಾ ಎಂದು ಕೇಳಿದರು. ಕಲಿಸುವುದು ಸಹಾಯ ಎಂದು ನಮಗೆ ಅನ್ನಿಸಿದರೆ ಸಾಲದು, ಅಲ್ಲಿನ ಮೀನುಗಾರನಿಗೂ ಹಾಗೆ ಅನ್ನಿಸಬೇಕು. ಒಪ್ಪಂದದ ಪಠ್ಯವನ್ನು ಎರಡೂ ಕಡೆ ಬಹಿರಂಗ ಮಾಡಿದರೆ ಅರ್ಧ ಸಂಶಯ ಹೋಗುತ್ತದೆ. ಗುಟ್ಟು ಇಟ್ಟಷ್ಟೂ ಚಳವಳಿಗೆ ಬಲ.

ಅಲ್ಲಿನ ಸರ್ಕಾರ ಬಿದ್ದುಹೋದ್ರೆ, ಅಥವಾ ಇಲ್ಲಿಂದಲೇ ದುಡ್ಡು ನಿಂತ್ರೆ?

ಎರಡೂ ನಮ್ಮ ಕಣ್ಣ ಮುಂದೆ ಆಗಿವೆ. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋಯಿತು. 2025ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರು ಹೊರದೇಶದ ನೆರವನ್ನು 90 ದಿನ ತಡೆಹಿಡಿದರು. ಎಷ್ಟೋ ಕಡೆ ಕೋರ್ಸು ಅರ್ಧಕ್ಕೆ ನಿಂತಿತು.

ದುಡ್ಡು ನಿಲ್ಲುವುದಕ್ಕೆ ತಯಾರಿ ಸಾಧ್ಯ. ಪ್ರತಿ ಒಪ್ಪಂದದಲ್ಲೂ ನಾಳೆಯೇ ನಿಂತರೆ ಯಾರಿಗೆ ತೊಂದರೆ ಎಂಬ ಪಟ್ಟಿ ಇರಬೇಕು. ಸಾಕ್ಷಿಗಳ ರಕ್ಷಣೆ, ಹಿಂಸೆಗೊಳಗಾದ ಹೆಂಗಸರ ಆಶ್ರಯ ಮನೆ, ಕೈದಿಗಳ ಔಷಧಿ ಇಂಥವನ್ನು ಬೇರೆಯವರು ಕೂಡಲೇ ವಹಿಸಿಕೊಳ್ಳುವ ಏರ್ಪಾಡು ಮೊದಲೇ ಆಗಿರಬೇಕು. ಸೆಮಿನಾರ್ ನಿಂತರೆ ನಷ್ಟವಿಲ್ಲ. ಆಶ್ರಯ ಮನೆಯ ಬಾಗಿಲು ಮುಚ್ಚಿದರೆ ಒಳಗಿದ್ದವಳು ಅದೇ ಗಂಡನ ಮನೆಗೆ ಹೋಗಬೇಕು.

ಸರ್ಕಾರ ಬೀಳುವುದು ಇನ್ನೂ ಭೀಕರ. ಹಾಜರಿಯಲ್ಲಿ ಮಾತ್ರ ಇರುವ ಪೊಲೀಸರನ್ನು ಹಿಡಿಯಲೆಂದು ಅಫ್ಘಾನಿಸ್ತಾನದಲ್ಲಿ ಪೊಲೀಸರ, ಸೈನಿಕರ ಬೆರಳಚ್ಚು, ಮನೆಯವರ ವಿವರ ಎಲ್ಲ ಸೇರಿಸಿ ಸಂಬಳದ ಕಂಪ್ಯೂಟರ್ ದಾಖಲೆ ಮಾಡಿದ್ದರು. ಭ್ರಷ್ಟಾಚಾರ ತಡೆಯಲು ಒಳ್ಳೆಯ ಉಪಾಯವೇ. ಕಾಬೂಲ್ ಬಿದ್ದಾಗ ಅದೇ ದಾಖಲೆ ತಾಲಿಬಾನ್ ಕೈಗೆ ಸಿಕ್ಕರೆ ಎಂಬ ಹೆದರಿಕೆ ಹುಟ್ಟಿತು. ನಿಯತ್ತಿನಿಂದ ಹೆಸರು ಬರೆಸಿದವರಿಗೇ ಅಪಾಯ.

ಹಾಗಾಗಿ ಹೊರದೇಶದ ಪೊಲೀಸರಿಗೆ ಡೇಟಾಬೇಸ್ ಕಟ್ಟಿಕೊಡುವ ಪ್ರಸ್ತಾಪ ಬಂದರೆ ಕೇಳಬೇಕಾದ್ದನ್ನು ಹೇಳುತ್ತೇನೆ. ಇಷ್ಟು ವಿವರ ನಿಜಕ್ಕೂ ಬೇಕಾ? ತಾತನ ಹೆಸರು, ಊರಿನ ಹಿರಿಯರ ಹೆಸರು ಯಾಕೆ? ಎಲ್ಲವೂ ಒಂದೇ ಕಡೆ ಇರಬೇಕಾ? ತುರ್ತಿನಲ್ಲಿ ಅಳಿಸುವ ಅಧಿಕಾರ ಯಾರಿಗೆ, ಅವರು ಆ ದಿನ ಊರಲ್ಲಿ ಇಲ್ಲದಿದ್ದರೆ ಮುಂದಿನವರು ಯಾರು? ಇದಕ್ಕೆಲ್ಲ ಬರೆದ ಉತ್ತರ ಬರುವವರೆಗೆ ಫೈಲಿಗೆ ಸಹಿ ಹಾಕಬೇಡಿ, ಮಾರ್ಚ್ 31 ಎಷ್ಟೇ ಹತ್ತಿರ ಇದ್ದರೂ.